ಅಂಬಲಿ ಊಟವಲ್ಲ

ಎಂಡೋಸ್ಕೋಪಿ ಕೋಣೆಗೆ ಹೊಸದಾಗಿ ಬರುವ ಹುಡುಗಿಯರು ಮೊದಲು ಕೇಳುವುದು ಟ್ಯೂಬಿನ ಬಗ್ಗೆ. ಎಷ್ಟು ಉದ್ದ, ಹೇಗೆ ತೊಳೆಯಬೇಕು, ಮುರಿದರೆ ಯಾರ ತಲೆಗೆ ಬರುತ್ತದೆ. ನಾನು ಇಪ್ಪತ್ತಾರು ವರ್ಷ ಆ ಟ್ಯೂಬನ್ನು ತೊಳೆದವಳು, ಒರೆಸಿದವಳು, ಡಾಕ್ಟರ ಕೈಗೆ ಕೊಟ್ಟವಳು. ನನ್ನ ಕೆಲಸದಲ್ಲಿ ನಡೆದ ಅತಿ ದೊಡ್ಡ ತಪ್ಪು ಟ್ಯೂಬಿನಿಂದ ಆದದ್ದಲ್ಲ. ಒಂದು ಚೀಟಿಯಿಂದ ಆದದ್ದು. ಆ ಚೀಟಿ ಬರೆದವಳು ನಾನೇ. ಅದನ್ನು ಮುಚ್ಚಿಟ್ಟು ಮಿಕ್ಕದ್ದನ್ನೆಲ್ಲ ಚಂದವಾಗಿ ಬರೆದರೆ ನಿಮಗೂ ಉಪಯೋಗವಿಲ್ಲ, ನನಗೂ ನೆಮ್ಮದಿಯಿಲ್ಲ.

ನಾನು ಮಾಗಡಿ ತಾಲ್ಲೂಕು ಕುದೂರು ಕಡೆಯ ಹಳ್ಳಿಯವಳು. ನಮ್ಮ ಮನೆತನದಲ್ಲಿ ಪದವಿ ಅಂತ ಪಡೆದವರಲ್ಲಿ ನಾನೇ ಮೊದಲಿಗಳು, ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹತ್ತನೇ ತರಗತಿಯಲ್ಲಿ ಲೆಕ್ಕಕ್ಕೆ ಒಮ್ಮೆ ಫೇಲಾದೆ. ಮತ್ತೆ ಕಟ್ಟಿ ಪಾಸಾದೆ. ಮಾಗಡಿಗೆ ಪಿಯುಸಿ ಓದಲು ಹೋಗುವಾಗ ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಪಾಠ ತಪ್ಪಿದ ಹಾಗೆಯೇ. ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದಾಗ ನಮ್ಮ ದೊಡ್ಡಪ್ಪ ಜಗಲಿಯ ಮೇಲೆ ಕೂತು ಅಪ್ಪನಿಗೆ, "ಇಷ್ಟ್ ಓದ್ಸಿ ಕೊನೆಗೆ ಕಂಡೋರ ಹೇಲುಚ್ಚೆ ಬಳಿಯಕ್ಕೆ ಕಳಿಸ್ತೀಯೇನ್ಲಾ?" ಅಂದರು. ಅಪ್ಪ ಹೆಬ್ಬೆಟ್ಟಿನವರು, ಮಾತು ಕಡಿಮೆ. "ನಾಳೆ ನೀನು ಬಿದ್ಕೊಂಡಾಗ ಬಳಿಯೋರು ಬ್ಯಾಡ್ವೇನಣ್ಣ?" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ರಾಮನಗರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಆಸ್ಪತ್ರೆಯ ಹೆಸರು ಬೇಡ, ಡಾಕ್ಟರ ಹೆಸರೂ ಬೇಡ. ಬರೆದರೆ ಅವರು ಬೈಯುತ್ತಾರೆ, ಇನ್ನೂ ಬೈಯುವಷ್ಟು ಗಟ್ಟಿಯಾಗಿದ್ದಾರೆ. ಡಿಗ್ರಿ ಮಾಡಿದ ನರ್ಸ್ ಎಂದು ನನ್ನನ್ನು ಎಂಡೋಸ್ಕೋಪಿ ಕೋಣೆಗೆ ಹಾಕಿದರು. ಮಿಕ್ಕ ಸಿಸ್ಟರುಗಳು "ಡಿಗ್ರಿ ಜಯಮ್ಮ" ಎಂದು ಹಿಂದೆ ನಗುತ್ತಿದ್ದರು. ನನಗೆ ಅದು ಬೈಗುಳದ ಹಾಗೆ ಕೇಳಿಸುತ್ತಲೇ ಇರಲಿಲ್ಲ.

ಆಗಿನ ಟ್ಯೂಬಿಗೆ ಟಿವಿ ಇರಲಿಲ್ಲ. ಡಾಕ್ಟರು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಟ್ಯೂಬಿನ ತುದಿಗೆ ಒತ್ತಿ ನೋಡುವರು. ಹೊಟ್ಟೆಯ ಒಳಗೇನಿದೆಯೋ ಅವರೊಬ್ಬರಿಗೇ ಗೊತ್ತು. ನಾನು ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆದು, ತಲೆ ಹಿಡಿದು, ಜೊಲ್ಲು ಒರೆಸುತ್ತ ನಿಲ್ಲುತ್ತಿದ್ದೆ. ಒಳಗಿನ ಸುದ್ದಿಯನ್ನು ಡಾಕ್ಟರ ಮುಖ ನೋಡಿ ತಿಳಿಯುತ್ತಿದ್ದೆ. ಹುಬ್ಬು ಸಡಿಲವಾಗಿದ್ದರೆ ಏನೂ ಇಲ್ಲ. ಹುಬ್ಬು ಗಂಟಾದರೆ, ಚೂರು ಕಿತ್ತು ಪರೀಕ್ಷೆಗೆ ಕಳಿಸುವ ಬಯಾಪ್ಸಿ ಕಡ್ಡಿ ತಯಾರಿಡಬೇಕು.

ಅವರ ಕೈ ಬಹಳ ಚುರುಕು. ಆ ಕಾಲದಲ್ಲಿ ಬೇಗ ಮುಗಿಸುವವರೇ ಒಳ್ಳೆಯ ಡಾಕ್ಟರು. ನಿದ್ದೆ ಬರಿಸದೆ ಮಾಡುತ್ತಿದ್ದೆವು, ಟ್ಯೂಬು ಗಂಟಲಲ್ಲಿ ಇದ್ದಷ್ಟು ಹೊತ್ತೂ ರೋಗಿಗೆ ಸಂಕಟ. ಬೇಗ ತೆಗೆಯುವುದೇ ದಯೆ ಎಂದು ನಾವೆಲ್ಲ ನಂಬಿದ್ದೆವು. ನಮ್ಮ ಡಾಕ್ಟರು ಮೂಲತಃ ಉತ್ತರ ಬಯಲುಸೀಮೆಯ ರೊಟ್ಟಿ ಜನ. ಇಲ್ಲಿನವರು ಟ್ಯೂಬು ನುಂಗುವುದನ್ನು ನೋಡಿ ಅವರಿಗೆ ಬೆರಗು. ಮುದ್ದೆ ಉಣ್ಣುವವರು ತುತ್ತನ್ನು ಅಗಿಯುವುದಿಲ್ಲವಲ್ಲ, ಸಾರಿನಲ್ಲಿ ಅದ್ದಿ ಹಾಗೇ ಇಳಿಸುತ್ತಾರೆ. ಯಾರಾದರೂ ಟ್ಯೂಬಿಗೆ ಹೆದರಿದರೆ ಡಾಕ್ಟರು, "ಅಗಿಯಬೇಡಿ ಯಜಮಾನರೇ, ಮುದ್ದೆ ಅಂತ ತಿಳ್ಕೊಂಡು ನುಂಗಿ" ಅನ್ನುವರು. ಒಬ್ಬ ಅಜ್ಜ ಟ್ಯೂಬು ಈಚೆ ಬಂದ ಮೇಲೆ ಬಾಯಿ ಒರೆಸಿಕೊಂಡು, "ಮುದ್ದೇನೇ ಸರಿ ಕಣ್ ಸಾಮಿ, ಸಾರು ಮಾತ್ರ ಇರ್ನಿಲ್ಲ" ಅಂದಿದ್ದ.

ಅಜ್ಜಂದಿರ ಮಾತು ಬಂದಾಗ ಇನ್ನೊಬ್ಬರು ನೆನಪಾಗುತ್ತಾರೆ. ಟ್ಯೂಬನ್ನು ಕಚ್ಚದಿರಲಿ ಎಂದು ರೋಗಿಯ ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಬಳೆ ಇಡುತ್ತೇವೆ. ಆ ಅಜ್ಜನ ಕೆನ್ನೆ ಎರಡೂ ಕಡೆ ಒಳಗೆ ಹೋಗಿತ್ತು, ಹಲ್ಲೇ ಇಲ್ಲ ಎಂದುಕೊಂಡು ನಾನು ಬಳೆ ಇಡಲಿಲ್ಲ. ಒಂದು ಹಲ್ಲಿತ್ತು. ಆ ಒಂದೇ ಹಲ್ಲು ಟ್ಯೂಬಿಗೆ ತೂತು ಮಾಡಿತು. ಟ್ಯೂಬು ರಿಪೇರಿಯಾಗಿ ಬರುವ ತನಕ ಕೋಣೆಗೆ ಬೀಗ. ಡಾಕ್ಟರು ಕೂಗಾಡಲಿಲ್ಲ. "ಜಯಮ್ಮ, ಕೆನ್ನೆ ನೋಡಿ ಹಲ್ಲು ಎಣಿಸಿದ್ರಾ?" ಅಂದರು, ಅಷ್ಟೇ. ಕೂಗಾಡಿದ್ದರೆ ವಾಸಿಯಿತ್ತು.

ಕೆಲವು ವರ್ಷಗಳ ಮೇಲೆ ಹೊಸ ಯಂತ್ರ ಬಂತು. ಟ್ಯೂಬಿನ ತುದಿಯಲ್ಲೇ ಕ್ಯಾಮೆರಾ, ಎದುರಿಗೆ ಟಿವಿ. ಅವತ್ತು ನಾನು ಮೊದಲ ಸಲ ಮನುಷ್ಯನ ಹೊಟ್ಟೆಯ ಒಳಗನ್ನು ಕಂಡೆ. ಎಳೆ ಗುಲಾಬಿ ಬಣ್ಣ, ಒದ್ದೆಯ ಹೊಳಪು, ಮಡಿಕೆ ಮಡಿಕೆಯಾಗಿ, ಗಾಳಿ ಬಿಟ್ಟರೆ ನಿಧಾನ ಬಿಚ್ಚಿಕೊಳ್ಳುವ ಗೋಡೆ. ಎಷ್ಟೋ ವರ್ಷ ಬಾಗಿಲಾಚೆ ನಿಂತು ಕಾದವಳಿಗೆ ಒಳಗೆ ಕರೆದ ಹಾಗಾಯಿತು. ಆದರೆ ಒಂದು ಮಾತು ನನಗೆ ಆಗ ಹೊಳೆದಿರಲಿಲ್ಲ. ಟಿವಿ ಬರುವ ಮುಂಚೆ ಕಾಣದೆ ಹೋದದ್ದು ಡಾಕ್ಟರಿಗೆ ಮಾತ್ರ ಕಾಣದೆ ಹೋದದ್ದು. ಟಿವಿ ಬಂದ ಮೇಲೆ ನನಗೂ ಕಾಣದೆ ಹೋದದ್ದು.

ಈಗ ಚೀಟಿಯ ವಿಷಯ. ಎಂಡೋಸ್ಕೋಪಿಗೆ ಹೊಟ್ಟೆ ಬರಿದಾಗಿರಬೇಕು. ರಾತ್ರಿ ಊಟ ಆದಮೇಲೆ ಏನೂ ತಿನ್ನಬಾರದು, ಕುಡಿಯಬಾರದು. ಒಳಗೆ ಆಹಾರ ಉಳಿದರೆ ಗೋಡೆ ಕಾಣುವುದಿಲ್ಲ, ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇದನ್ನು ರೋಗಿಗಳಿಗೆ ಬರೆದು ಕೊಡುವ ಕೆಲಸ ನನಗೆ ಬಂತು. ನನ್ನ ಅಕ್ಷರ ದುಂಡಗೆ, ಭಾಷೆಯ ಮೇಲೆ ಹೆಮ್ಮೆ ಬೇರೆ. ಮೊದಲ ಚೀಟಿಯಲ್ಲಿ ಹೀಗೆ ಬರೆದೆ: "ಪರೀಕ್ಷಾರ್ಥಿಗಳು ನಿರಾಹಾರರಾಗಿ ಹಾಜರಾಗತಕ್ಕದ್ದು." ಚನ್ನಪಟ್ಟಣದ ಒಬ್ಬ ಹೆಂಗಸು ಅದನ್ನು ಯಾರಿಂದಲೋ ಓದಿಸಿಕೊಂಡು ಗಾಬರಿಯಾಗಿ ಬಂದಳು. "ನಂಗೆ ಓದಕ್ಕೇ ಬರಕ್ಕಿಲ್ಲ ಸಿಸ್ಟರಮ್ಮ, ಪರೀಕ್ಷೆ ಹೆಂಗ್ ಬರೀಲಿ?"

ಆ ಚೀಟಿ ಹರಿದು ಹಾಕಿ "ಉಪವಾಸ ಬನ್ನಿ" ಎಂದು ಬರೆದೆ. ನಮ್ಮ ಕಡೆ ಉಪವಾಸ ಎಂದರೆ ಅನ್ನ, ಮುದ್ದೆ ಮುಟ್ಟುವುದಿಲ್ಲ ಅಷ್ಟೇ. ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು ಎಲ್ಲ ನಡೆಯುತ್ತದೆ. ಶನಿವಾರ ಒಪ್ಪತ್ತು ಮಾಡುವ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪೆನ್ನು ಹಿಡಿದಾಗ ಮರೆತುಹೋಗಿತ್ತು. ಟಿವಿಯಲ್ಲಿ ಅವಲಕ್ಕಿ ಕಂಡಾಗ ಡಾಕ್ಟರು ನನ್ನ ಕಡೆ ತಿರುಗಿ, "ಒಗ್ಗರಣೆ ಕೂಡ ಹಾಕಿದ್ದಾರೆ ನೋಡಿ, ಸಾಸಿವೆ" ಅಂದರು.

ಮೂರನೆಯ ಸಲ ಕಲಿತ ಬುದ್ಧಿಯಿಂದ ತೀರ ಸರಳವಾಗಿ ಬರೆದೆ: "ಬೆಳಿಗ್ಗೆ ಊಟ ಮಾಡದೆ ಬನ್ನಿ." ಎಲ್ಲರಿಗೂ ಅರ್ಥವಾಗುವ ಮಾತು. ಅದನ್ನು ಅಚ್ಚು ಹಾಕಿಸಿದೆವು. ಪುಟ್ಟಮಾದಮ್ಮನ ಕೈಯಲ್ಲಿದ್ದದ್ದು ಈ ಚೀಟಿ.

ಪುಟ್ಟಮಾದಮ್ಮ ಉಯ್ಯಂಬಳ್ಳಿ ಕಡೆಯವರು. ಐವತ್ತರ ಆಸುಪಾಸು, ಗಂಡ ಇಲ್ಲ, ತಮ್ಮ ಶಿವಲಿಂಗನ ಮನೆ ಪಕ್ಕದಲ್ಲೇ ವಾಸ, ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆಹುಳು ಮೇಯಿಸುತ್ತಿದ್ದರು. "ಎರಡ್ ತುತ್ತಿಗೇ ಹೊಟ್ಟೆ ತುಂಬ್ಕೊಂಡಂಗೆ ಆಯ್ತದೆ ಕಣವ್ವ" ಎನ್ನುವುದು ಅವರ ದೂರು. ಮೆಡಿಕಲ್ ಸ್ಟೋರಿನಲ್ಲಿ ಗ್ಯಾಸ್ಟ್ರಿಕ್ ಎಂದು ಹೇಳಿ ಮಾತ್ರೆ ಕೊಡುತ್ತಿದ್ದರಂತೆ, ನಾಲ್ಕು ತಿಂಗಳು ನುಂಗಿದ್ದರು. ನಮ್ಮ ಸೀಮೆಯಲ್ಲಿ ಎದೆಯಿಂದ ಹೊಕ್ಕುಳವರೆಗೆ ಏನಾದರೂ ಅದು ಗ್ಯಾಸ್ಟ್ರಿಕ್. ಅವರ ರವಿಕೆ ತೋಳಿನ ಹತ್ತಿರ ಜೋಲುತ್ತಿತ್ತು. ಅದನ್ನು ನಾನು ನೋಡಿದೆ, ಕೇಳಲಿಲ್ಲ. ಈಗ ನಿಮಗೆ ಹೇಳುತ್ತೇನೆ, ಕೇಳಿ. ತೂಕ ಇಳಿದಿದೆಯೇ ಎಂದರೆ ಹಳ್ಳಿಯ ಹೆಂಗಸಿಗೆ ಗೊತ್ತಾಗುವುದಿಲ್ಲ. ರವಿಕೆ ಸಡಿಲಾಗಿ ಹಿಡಿದು ಹೊಲಿಸಿಕೊಂಡಿರಾ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಆ ದಿನ ಕೋಣೆಯ ಮುಂದೆ ಸಾಲು ಉದ್ದವಿತ್ತು. ಪುಟ್ಟಮಾದಮ್ಮನನ್ನು ಮಲಗಿಸಿ ಟ್ಯೂಬು ಬಿಟ್ಟೆವು. ಟಿವಿಯ ತುಂಬ ಕಂದು ಬಣ್ಣ. ಎಡಮಗ್ಗುಲಾಗಿ ಮಲಗಿದವರ ಹೊಟ್ಟೆಯಲ್ಲಿ ದ್ರವ ಮೇಲ್ಭಾಗದ ಗುಂಡಿಯಲ್ಲಿ ಬಂದು ನಿಲ್ಲುತ್ತದೆ. ಅಲ್ಲಿ ರಾಗಿ ಅಂಬಲಿ ಒಂದು ಪುಟ್ಟ ಕೆರೆಯಾಗಿ ನಿಂತಿತ್ತು. ಡಾಕ್ಟರು ಹೀರಿಸಲು ನೋಡಿದರು. ಗಸಿ ಸಿಕ್ಕಿಕೊಂಡು ಟ್ಯೂಬಿನ ದಾರಿ ಕಟ್ಟಿತು.

"ಇವತ್ತು ಬೇಡ. ಇನ್ನೊಂದಿನ ಬರಲಿ" ಅಂದರು ಡಾಕ್ಟರು.

ಅವರು ಸರಿಯಾಗಿಯೇ ಹೇಳಿದರು. ತಪ್ಪಾಗಿ ಹೇಳಿದವಳು ನಾನು. "ಸರ್, ಉಯ್ಯಂಬಳ್ಳಿ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಾರೆ. ಹುಳ ನಾಲ್ಕನೇ ಜ್ವರ ಎದ್ದಿವೆಯಂತೆ, ಮತ್ತೆ ಬರೋಕೆ ಆಗಲ್ಲ. ಪಾಪ, ಕಂಡಷ್ಟು ನೋಡಿಬಿಡಿ."

ರೇಷ್ಮೆಹುಳು ಪೊರೆ ಬಿಡಲು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದೇ ಕೊನೆಯದು, ಅದರಿಂದ ಎದ್ದ ಮೇಲೆ ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಕೆಡುತ್ತದೆ. ಅದು ನನಗೂ ಗೊತ್ತು, ಡಾಕ್ಟರಿಗೂ ಗೊತ್ತು. ಅವರು ಕಂಡಷ್ಟು ನೋಡಿದರು. ಕೆಳಗಿನ ಭಾಗದಲ್ಲಿ ಒಂದಿಷ್ಟು ಕೆಂಪು. ಅದಕ್ಕೆ ಗ್ಯಾಸ್ಟ್ರೈಟಿಸ್ ಎಂದು ಬರೆದರು. ಕೆರೆಯಡಿ ಏನಿದೆ ಎಂದು ಇಬ್ಬರೂ ನೋಡಲಿಲ್ಲ. ನೋಡಿಲ್ಲ ಎಂದು ರಿಪೋರ್ಟಿನಲ್ಲಿ ಬರೆಯಲೂ ಇಲ್ಲ. ಹೊರಗೆ ಬಂದು ನಾನು ಪುಟ್ಟಮಾದಮ್ಮನಿಗೆ, "ಏನೂ ಇಲ್ಲಮ್ಮ, ಹೆದರಬೇಡಿ" ಎಂದೆ. ಅವರು ನನ್ನ ಗಲ್ಲ ಹಿಡಿದು ನೆಟಿಗೆ ಮುರಿದರು.

ಐದು ತಿಂಗಳ ಮೇಲೆ ಶಿವಲಿಂಗ ಅಕ್ಕನನ್ನು ಹೆಗಲು ಕೊಟ್ಟು ಕರೆತಂದ. ನುಂಗಿದ್ದು ನಿಲ್ಲುತ್ತಿರಲಿಲ್ಲ, ಮುಖ ಬಿಳಿಚಿತ್ತು. ಈ ಸಲ ಹೊಟ್ಟೆ ತಾನಾಗಿಯೇ ಬರಿದಾಗಿತ್ತು. ಟಿವಿಯಲ್ಲಿ ಆ ಗುಂಡಿಯ ಪಕ್ಕದಲ್ಲೇ, ಅಂಬಲಿ ನಿಂತಿದ್ದ ಜಾಗದಲ್ಲೇ, ಅಂಚು ಎದ್ದ ಹುಣ್ಣು. ಮುಟ್ಟಿದರೆ ರಕ್ತ. ಡಾಕ್ಟರ ಹುಬ್ಬು ಗಂಟಾದದ್ದನ್ನು ನೋಡುವ ಅಗತ್ಯವೇ ಇರಲಿಲ್ಲ. ಅವರು ಕೇಳುವ ಮುಂಚೆಯೇ ಬಯಾಪ್ಸಿ ಕಡ್ಡಿ ಕೊಟ್ಟೆ. ವಾರದಲ್ಲಿ ರಿಪೋರ್ಟು ಬಂತು, ಕ್ಯಾನ್ಸರು. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದರು. ಬೇರೆಲ್ಲೂ ಹಬ್ಬಿರಲಿಲ್ಲ. ಈಗಲೇ ಆಪರೇಷನ್ ಆದರೆ ಉಳಿಯುವ ದಾರಿಯಿದೆ, ತಡವಾದರೆ ಇಲ್ಲ ಎಂದು ಅಲ್ಲಿನ ಸರ್ಜನ್ ಬರೆದಿದ್ದರು.

ಹಳೆಯ ಫೈಲು ತೆಗೆದು ನೋಡಿದೆ. ರಿಪೋರ್ಟಿಗೆ ಅಂಟಿಸಿದ್ದ ನಾಲ್ಕು ಫೋಟೋಗಳಲ್ಲಿ ಕೊನೆಯದರಲ್ಲಿ ಕಂದು ಕೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಫೀಸಿನ ಹಿರಿಯರೊಬ್ಬರು ಬಂದು ಸಣ್ಣ ದನಿಯಲ್ಲಿ, "ಐದು ತಿಂಗಳಾಗಿದೆಯಲ್ಲ, ಈಗ ಹೊಸದಾಗಿ ಬೆಳೆದಿದೆ ಅನ್ನಿ. ಯಾರು ಕೇಳ್ತಾರೆ?" ಅಂದರು. ಕೆಟ್ಟವರಲ್ಲ ಅವರು. ಆಸ್ಪತ್ರೆಯ ಹೆಸರು ಉಳಿಯಲಿ ಎಂದು ಹೇಳಿದರು.

ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದನ್ನು ಪುಟ್ಟಮಾದಮ್ಮನೇ ಕೇಳಿದರು. ಸರ್ಜನ್ ಬರೆದ ಕಾಗದ ಹಿಡಿದು ಅವರು ಬಂದ ದಿನ ಡಾಕ್ಟರು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ತಮ್ಮನ ಪಕ್ಕ ಕೂತು, ನನ್ನ ಸೆರಗಿನ ಅಂಚು ಹಿಡಿದರು: "ಸಿಸ್ಟರಮ್ಮ, ನಿಜ ಯೋಳು. ಇದು ಅವತ್ತೂ ಇತ್ತಾ, ಆಮ್ಯಾಕೆ ಬಂತಾ?"

ಹೊಸದು ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಏನು ತಡೆಯಿತೋ ಇವತ್ತಿಗೂ ಹೇಳಲಾರೆ. "ಅವತ್ತೂ ಇದ್ದಿರಬೇಕು ಕಣಮ್ಮ. ನಿಮ್ಮ ಹೊಟ್ಟೇಲಿ ಅಂಬಲಿ ನಿಂತಿತ್ತು, ಅದರಡಿ ನಾವು ನೋಡಲಿಲ್ಲ. ಡಾಕ್ಟರು ಇನ್ನೊಂದಿನ ಬರಲಿ ಅಂದ್ರು. ಇವತ್ತೇ ಮಾಡಿ ಅಂತ ಹೇಳಿದವಳು ನಾನು" ಎಂದೆ.

ಶಿವಲಿಂಗ ಎದ್ದು ನಿಂತ. "ಅವತ್ತು ಏನೂ ಇಲ್ಲ ಅಂದ್ಬುಟ್ಟು ಇವತ್ತು ಹೊಟ್ಟೆ ಕೂದ್ಬುಡ್ತೀವಿ ಅಂತೀರಾ? ಏನಂದ್ಕೊಂಡಿದ್ದೀರಾ ನಮ್ಮನ್ನ? ನಡಿಯಕ್ಕ, ಇವ್ರ ಸಾವಾಸ ಬ್ಯಾಡ. ಹೊಳೆ ಆಚೆ ಬೇರು ಅರ್ದು ಕೊಡೋರು ಅವ್ರೆ, ಕೊಯ್ಯೋದೂ ಇಲ್ಲ ಏನೂ ಇಲ್ಲ." ವರಾಂಡದವರೆಲ್ಲ ತಿರುಗಿ ನೋಡಿದರು. ಅಕ್ಕನ ರಟ್ಟೆ ಹಿಡಿದು ಎಬ್ಬಿಸಿಯೂಬಿಟ್ಟ. ನಿಜ ಹೇಳಿ ಅವರನ್ನು ಬೇರಿನವನ ಮನೆಗೆ ಕಳಿಸಿದೆನಲ್ಲ, ಆ ಒಂದು ಸುಳ್ಳು ಹೇಳಿದ್ದರೆ ಪ್ರಾಣವಾದರೂ ಉಳಿಯುತ್ತಿತ್ತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಡಾಕ್ಟರು ಬಂದರು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಅಳಿಸಿಹಾಕಬಹುದಿತ್ತು. ಅವರು ಶಿವಲಿಂಗನ ಮುಂದೆ ಬಂದು ನಿಂತು, "ಜಯಮ್ಮ ಹೇಳಿದ್ದು ನಿಜ. ಆದರೆ ಟ್ಯೂಬು ನನ್ನ ಕೈಲಿತ್ತು. ನಿಲ್ಲಿಸಬೇಕಾಗಿದ್ದವನು ನಾನು. ತಪ್ಪು ನಂದು" ಅಂದರು. ಅಷ್ಟು ದೊಡ್ಡ ಡಾಕ್ಟರು ಒಬ್ಬ ರೈತನ ಮುಂದೆ ಹಾಗೆ ನಿಂತದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ಬಹಳ ನೋಡಿಲ್ಲ.

ಪುಟ್ಟಮಾದಮ್ಮ ತಮ್ಮನ ಕೈ ಬಿಡಿಸಿಕೊಂಡು ಮತ್ತೆ ಕೂತರು. "ಸುಮ್ಕಿರ್ಲಾ ಶಿವ್ಲಿಂಗ. ಮುಚ್ಚಿಡೋರಾಗಿದ್ರೆ ಅವ್ರಿಗೇನು ಕಷ್ಟ? ತಪ್ಪಾಯ್ತು ಅಂತ ಎದ್ರಿಗೆ ನಿಂತು ಒಪ್ಕೊಂಡೋನು ಕೊಯ್ಯೋದ್ರಲ್ಲಿ ಸುಳ್ ಯೋಳಾನಾ? ಕೊಯ್ಯಿಸ್ಕೋತೀನಿ."

ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. "ಅಲ್ಲಾ ಕಣವ್ವ, ಊಟ ಮಾಡ್ದೆ ಬನ್ನಿ ಅಂತ ಬರ್ದಿದ್ರಿ, ಇವನೇ ಓದಿ ಯೋಳ್ದ. ನಾನೆಲ್ ಊಟ ಮಾಡ್ದೆ? ಬೆಳ್ಗೆ ಎದ್ದು ಒಂದ್ ಚೊಂಬು ಅಂಬ್ಲಿ ಕುಡ್ದೆ. ಅಂಬ್ಲಿ ಊಟ್ವಾ? ಗ್ರಾಣ ಹಿಡ್ದಾಗ ಇದ್ದಂಗೆ ಇರಿ ಅಂತ ಒಂದ್ ಮಾತು ಬರ್ದಿದ್ರೆ ಉಗುಳೂ ನುಂಗ್ತಿರ್ನಿಲ್ಲ."

ಗ್ರಹಣ. ನಮ್ಮ ಕಡೆ ಯಾವ ಮನೆಯಲ್ಲೂ ಗ್ರಹಣ ಹಿಡಿದಾಗ ಬಾಯಿಗೆ ಏನೂ ಹಾಕುವುದಿಲ್ಲ. ನೀರೂ ಇಲ್ಲ, ಎಲೆಅಡಿಕೆಯೂ ಇಲ್ಲ. ನಾನು ಪದವಿ ಓದಿದ್ದೆ, ಇಷ್ಟು ವರ್ಷದಲ್ಲಿ ಮೂರು ಸಲ ಚೀಟಿ ಬರೆದಿದ್ದೆ. ಬೇಕಾಗಿದ್ದ ಮಾತು ಓದು ಬಾರದ ಈ ಹೆಂಗಸಿನ ಬಾಯಲ್ಲಿ ಇತ್ತು. ಅವರನ್ನು ಅವತ್ತೇ ಒಂದು ಮಾತು ಕೇಳಿದ್ದರೆ ಸಿಗುತ್ತಿತ್ತು.

ಅವರನ್ನು ಆಪರೇಷನ್ನಿಗೆ ಬೆಂಗಳೂರಿಗೆ ಕಳಿಸುವ ಪತ್ರವನ್ನು ಡಾಕ್ಟರು ತಾವೇ ಬರೆದರು. ಮೊದಲ ಪರೀಕ್ಷೆ ಪೂರ್ತಿಯಾಗಿರಲಿಲ್ಲ ಎಂದು ಅದರಲ್ಲಿ ಸೇರಿಸಿದರು. ಸಂಜೆ ನನ್ನನ್ನು ಕರೆದು, ಗೋಡೆಗೆ ಒಂದು ದೊಡ್ಡ ಗಡಿಯಾರ ಹಾಕಿಸಲು ಹೇಳಿದರು. "ನಾನು ಬೇಗ ಮುಗಿಸಿದ್ರೆ ನೀವು ಕೆಮ್ಮಬೇಕು. ಏನಾದರೂ ಕಾಣಿಸಿದ್ರೆ ಬಾಯಿ ಬಿಟ್ಟು ಹೇಳಬೇಕು. ಯಾರನ್ನೂ ಪಾಪ ಅನ್ನಬಾರದು."

"ಸರ್, ನಾನು ಹೇಳಿದ್ರೆ ನೀವು ಬೈತೀರಿ."

"ಬೈತೀನಿ. ಆದ್ರೂ ಹೇಳಿ."

ಅಲ್ಲಿಂದ ನಮ್ಮ ಕೋಣೆಯ ಕೆಲಸ ಬದಲಾಯಿತು. ಟ್ಯೂಬು ಬಿಡುವ ಮುಂಚೆ ನೊರೆ ಒಡೆಯುವ ಹನಿ ಬೆರೆಸಿದ ನೀರು ಕುಡಿಸತೊಡಗಿದೆವು. ಎಳೆಗೂಸಿಗೆ ಹೊಟ್ಟೆ ಉಬ್ಬರವಾದಾಗ ಹಾಕುವ ಔಷಧಿಯೇ ಅದು. ಗೋಡೆಯ ಮೇಲೆ ಒಂದು ಗುಳ್ಳೆ ಕಂಡರೂ ದೊಡ್ಡ ಸಿರಿಂಜಿನಲ್ಲಿ ನೀರು ಹಾಯಿಸಿ ತೊಳೆಯುವುದು, ಹೀರುವುದು, ಮತ್ತೆ ನೋಡುವುದು. ಟ್ಯೂಬಿನ ಮೂತಿಯನ್ನು ಹಿಂದಕ್ಕೆ ಬಗ್ಗಿಸಿ ಮೇಲಿನ ಗುಂಡಿಯನ್ನು ನೋಡದೆ ಯಾರನ್ನೂ ಏಳಿಸುತ್ತಿರಲಿಲ್ಲ. ಪ್ರತಿ ಮೂಲೆಯ ಫೋಟೋ ಒಂದೇ ಕ್ರಮದಲ್ಲಿ ತೆಗೆಯತೊಡಗಿದರು. ಒಂದು ಮೂಲೆ ಬಿಟ್ಟರೆ ಫೋಟೋ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಹುಣ್ಣು ಕಂಡವರಿಗೆ, ಮಾತ್ರೆಯಿಂದ ನೋವು ಹೋದರೂ ಎರಡು ತಿಂಗಳಿಗೆ ಮತ್ತೆ ಪರೀಕ್ಷೆ. ಮಾತ್ರೆ ನುಂಗಿದಾಗ ಕೆಟ್ಟ ಹುಣ್ಣೂ ಸ್ವಲ್ಪ ದಿನ ಒಳ್ಳೆಯದರಂತೆ ನಟಿಸುತ್ತದೆ. ನಾನು ಕೆಮ್ಮಿದ್ದೂ ಉಂಟು. "ಜಯಮ್ಮನಿಗೆ ಶೀತ ಜಾಸ್ತಿಯಾಗಿದೆ" ಎಂದು ಗೊಣಗುತ್ತಲೇ ಡಾಕ್ಟರು ಟ್ಯೂಬನ್ನು ಮತ್ತೆ ಒಳಗೆ ಬಿಡುತ್ತಿದ್ದರು. ಅಂಥ ಒಂದು ಸಲ ಕನಕಪುರದ ಮೇಷ್ಟ್ರೊಬ್ಬರ ಅನ್ನನಾಳ ಮುಗಿಯುವ ಕಡೆ ಬೇಳೆಯಷ್ಟು ಗಾತ್ರದ ಕೆಂಪು ಮಚ್ಚೆ ಸಿಕ್ಕಿತು. ಅವರು ಆಪರೇಷನ್ ಆಗಿ ಚೆನ್ನಾಗಿದ್ದಾರೆ.

ಹೊಸ ಚೀಟಿಯಲ್ಲಿ "ರಾತ್ರಿ ಊಟ ಆದಮೇಲೆ, ಗ್ರಹಣ ಹಿಡಿದಾಗ ಇರುವ ಹಾಗೆ ಇರಿ" ಎಂದು ಬರೆದೆ. ವಿಜ್ಞಾನ ಓದಿದವಳು ಹೀಗೆ ಬರೆಯಬಹುದೇ ಎಂದು ಕೆಲವರು ಹುಬ್ಬೇರಿಸಿದರು. ಬರೆದೆ, ಏನು ತಪ್ಪು? ಅದರಿಂದಲೂ ಪಜೀತಿ ಆಗದೆ ಇರಲಿಲ್ಲ. ಒಬ್ಬರು ತಲೆಗೆ ನೀರು ಹೊಯ್ದುಕೊಂಡು ಒದ್ದೆ ಕೂದಲಲ್ಲಿ ಬಂದರು. ಒಬ್ಬರು ಬಿ.ಪಿ. ಮಾತ್ರೆಯನ್ನೂ ನುಂಗದೆ ಬಂದರು, ಅದಕ್ಕೆ ಒಂದು ಗುಟುಕು ನೀರು ಪರವಾಗಿಲ್ಲ ಎಂದು ಕೆಳಗೆ ಸೇರಿಸಬೇಕಾಯಿತು. ಒಬ್ಬ ಯಜಮಾನರು ಗಡಿಯಾರ ನೋಡುತ್ತ, "ಎಷ್ಟೊತ್ತಿಗೆ ಬುಡ್ತದೆ ಸಿಸ್ಟರೇ ಗ್ರಾಣ?" ಅಂದರು. "ಡಾಕ್ಟರು ಟ್ಯೂಬು ಈಚೆಗೆ ತೆಗೆದಾಗ" ಎಂದೆ. ರೇಷ್ಮೆ ನೂಲು ತೆಗೆಯುವ ಸಾಬರಿಗೆ ರಂಜಾನಿನಲ್ಲಿ ರೋಜಾ ಉಪವಾಸ ಇದ್ದ ಹಾಗೆ ಬನ್ನಿ ಎಂದರೆ, ಒಬ್ಬರು ಸೂರ್ಯ ಹುಟ್ಟುವ ಮುಂಚೆ ಎದ್ದು ಹೊಟ್ಟೆ ತುಂಬ ಸೆಹ್ರಿ ಊಟ ಮುಗಿಸಿ ಬಂದಿದ್ದರು. "ರೋಜಾ ಅಂದ್ರೆ ಸೆಹ್ರಿ ಇರ್ತೈತಲ್ಲ ಮೇಡಂ!" ಅದೂ ಸರಿಯೇ. ಆ ದಿನದಿಂದ ಚೀಟಿ ಕೊಟ್ಟು ಸುಮ್ಮನಾಗುವುದನ್ನು ಬಿಟ್ಟೆ. "ಬೆಳಿಗ್ಗೆ ಎದ್ದು ಏನೇನು ಮಾಡ್ತೀರಿ, ನಂಗೆ ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸತೊಡಗಿದೆ. ಕಾಫಿಯೋ ಅಂಬಲಿಯೋ ಎಲ್ಲಿ ಬರುತ್ತದೆ ಎಂದು ಆಗ ಗೊತ್ತಾಗುತ್ತದೆ.

ವಾಪಸ್ಸು ಕಳಿಸುವುದು ಮಾತ್ರ ಕೊನೆಯವರೆಗೂ ಕಷ್ಟವೇ. ದೊಡ್ಡಆಲಹಳ್ಳಿಯ ಒಬ್ಬ ಗೌಡರು ಎರಡು ಬಾಳೆಹಣ್ಣು ತಿಂದು ಬಂದಿದ್ದರು. ನಾಳೆ ಬನ್ನಿ ಎಂದೆ. "ಎರಡ್ ಬಾಳೆಣ್ಣಿಗೆ ಇಷ್ಟೊಂದ್ ಗತ್ತಾ ನಿಂದು?" ಎಂದು ವರಾಂಡದಲ್ಲಿ ನನ್ನ ಮರ್ಯಾದೆ ಹರಾಜು ಹಾಕಿ ಹೋದರು. ಮಾರನೆಯ ದಿನ ಬಂದರು. ಚೆನ್ನಾಗಿ ನೋಡಿದೆವು, ಏನೂ ಸಿಗಲಿಲ್ಲ. "ಏನೂ ಇಲ್ದೇ ಇರೋದಕ್ಕೆ ಎರಡ್ ದಿನ ತಿರುಗ್ಸುದ್ರಲ್ಲವ್ವ!" ಎಂದು ಮತ್ತೆ ಬೈದರು. ಆ ಬೈಗುಳ ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದು ಅವರಿಗೆ ಹೇಗೆ ತಿಳಿಯಬೇಕು?

ಪುಟ್ಟಮಾದಮ್ಮನ ಹೊಟ್ಟೆಯ ಚೀಲವನ್ನು ಪೂರ್ತಿ ತೆಗೆದು ಕರುಳನ್ನು ಅನ್ನನಾಳಕ್ಕೆ ಸೇರಿಸಿದರು. ಬೆಂಗಳೂರಿನ ಆಸ್ಪತ್ರೆಗೆ ಎರಡು ಭಾನುವಾರ ಹೋಗಿ ನೋಡಿ ಬಂದೆ. ಮೊದಲ ಸಲ ಶಿವಲಿಂಗ ನನ್ನನ್ನು ನೋಡಿ ಎದ್ದು ಹೊರಗೆ ಹೋದ. ಎರಡನೆಯ ಸಲ ಕುರ್ಚಿ ಎಳೆದು ಹಾಕಿದ. ಅಷ್ಟೇ ಸಾಕೆನಿಸಿತು. ಆ ಆಪರೇಷನ್ ಆದವರಿಗೆ ಜೀವನಪೂರ್ತಿ ಒಂದು ವಿಟಮಿನ್ ಇಂಜೆಕ್ಷನ್ ಬೇಕು. ಅದಕ್ಕೆ ಅವರು ನಮ್ಮಲ್ಲಿಗೇ ಬರತೊಡಗಿದರು. ಕನಕಪುರದಲ್ಲೂ ಹಾಕುತ್ತಾರೆ ಎಂದರೆ, "ನಿನ್ ಕೈಲೇ ಆಗ್ಲಿ ಬುಡು" ಅನ್ನುವರು. ನನ್ನ ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ಬಿರುದು ಯಾವುದು ಎಂದು ಕೇಳಿದರೆ ಪದವಿಯ ಜೊತೆಗೆ ಈ ಮಾತನ್ನೂ ಇಡುತ್ತೇನೆ.

ವರ್ಷದ ಮೇಲೆ ಹೊಲಿಗೆಯ ಜಾಗ ನೋಡಲು ಅವರಿಗೆ ಮತ್ತೆ ಟ್ಯೂಬು ಬಿಡಬೇಕಾಯಿತು. ಅವತ್ತು ನಮ್ಮ ಕೋಣೆಯಲ್ಲಿ ಯಾರೂ ಜೋಕು ಹೊಡೆಯಲಿಲ್ಲ. ಡಾಕ್ಟರು ನಿಧಾನವಾಗಿ ನೋಡಿದರು, ತೊಳೆದು ನೋಡಿದರು, ನನ್ನ ಕಡೆ ತಿರುಗಿದರು. ನಾನು ಇನ್ನೊಮ್ಮೆ ಎಂದೆ. ಇನ್ನೊಮ್ಮೆ ನೋಡಿದರು. ಜೋಡಣೆಯ ಗೆರೆ ಮಗುವಿನ ಒಸಡಿನ ಹಾಗೆ ನಯವಾಗಿತ್ತು. ಎರಡು ಕಡೆ ಚೂರು ತೆಗೆದು ಕಳಿಸಿದೆವು, ಅದರಲ್ಲೂ ಕೆಟ್ಟದ್ದು ಬರಲಿಲ್ಲ.

ವಾರದ ಮೇಲೆ ಅವರು ಮತ್ತೆ ಬಂದಾಗ ಆ ರಿಪೋರ್ಟು ಹಿಡಿದು ನಾನೇ ವರಾಂಡಕ್ಕೆ ಹೋದೆ. ಪುಟ್ಟಮಾದಮ್ಮ ಗೋಡೆಗೆ ಒರಗಿ ಕೂತಿದ್ದರು. ಮುಖದಲ್ಲಿ ಬಣ್ಣ ಬಂದಿತ್ತು. ನನ್ನನ್ನು ನೋಡಿ, "ಏನೂ ಇಲ್ವೇನವ್ವ?" ಅಂದರು.

ಅವರ ಪಕ್ಕ ಕೂತು ಹೇಳಿದೆ. "ನಾವು ನೋಡಿದಷ್ಟು ಜಾಗದಲ್ಲಿ ಏನೂ ಇಲ್ಲಮ್ಮ. ಎಲ್ಲ ಜಾಗಾನೂ ನೋಡಿದ್ದೀವಿ. ಆದ್ರೂ ಆರು ತಿಂಗಳಿಗೆ ಮತ್ತೆ ಬರಬೇಕು."

ಪುಟ್ಟಮಾದಮ್ಮ ನನ್ನ ಮುಖ ನೋಡಿ ನಕ್ಕರು. ಪಕ್ಕದಲ್ಲಿ ಬಾಗಿ ಚೀಲ ಎತ್ತಿಕೊಳ್ಳುತ್ತಿದ್ದ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

"ಕೇಳುಸ್ಕೊಂಡೇನ್ಲಾ? ಈಗ್ ನೋಡು, ಯೋಳೋದ್ ಕಲ್ತ್ಕೊಂಡವ್ರೆ."